ಕಾಂಗಾ ಅಂಚಿನ ಮಾತು
ಆಫ್ರಿಕಾ ಕರಾವಳಿಯ ತಾಂಗಾ ಊರಿನ ಸಂತೆಯಲ್ಲಿ ಮುದುಕಿ ಜುಹುರಾ ಅವಳನ್ನು ಮೊದಲು ಕಂಡ ದಿನವೂ ಮ್ವಾನಹಾವಾ ಮೀನು ಕರಿಯುತ್ತಲೇ ಮೊಣಕಾಲ ಮೇಲಿಟ್ಟ ಚೀಟಿಯಲ್ಲಿ ಬರೆಯುತ್ತಿದ್ದಳು. ಸಾಲು ಹೊಳೆದರೆ ಮೀನು ಸೀದರೂ ಅವಳಿಗೆ ಕಾಣದು. ಕಾಂಗಾ ಬಟ್ಟೆಯ ಅಂಚಿನಲ್ಲಿ ಅಚ್ಚಾಗುವ ಚುಚ್ಚುಮಾತುಗಳು ಅವಳವೇ. ಅತ್ತೆಗೋ ನೆರೆಯವಳಿಗೋ ಉತ್ತರ ಕೊಡಲು ಹೆಂಗಸರು ಅವಳ ಮಾತನ್ನೇ ಸೊಂಟಕ್ಕೆ ಸುತ್ತುವರು, "ಬರ್ದು ಏನ್ ಕಡ್ದು ಗುಡ್ಡೆ ಹಾಕಿದ್ಯೇ? ಮೀನ್ ತಿರುಗ್ಸು" ಎಂದು ಮೂದಲಿಸುವವರೂ ಅವರೇ. ಬಟ್ಟೆಯ ಮೇಲೆ ಎಲ್ಲೂ ಅವಳ ಹೆಸರಿಲ್ಲ, ಎಂಥ ಅನ್ಯಾಯ! ಅವಳ ಗಂಡ ತಂದ ಹೊಸ ಹೆಂಡತಿ ನಿನ್ನೆ "ಒಡೆದ ಗಡಿಗೆಗೆ ಬಾವಿಯ ಮೇಲೇಕೆ ಮುನಿಸು" ಎಂಬ ಕಾಂಗಾ ಉಟ್ಟು ಒಲೆಯ ಮುಂದೆಯೇ ಮೂರು ಸಲ ಸುಳಿದಳು. "ನಿನ್ ಮಾತಿಂದ್ಲೇ ನಿನ್ನ ಹೊಡೀತಾಳಲ್ಲೇ!" ಎಂದು ಜುಹುರಾ ಕಿರುಚಿದಳು. ಮ್ವಾನಹಾವಾ ಕಣ್ಣೊರೆಸಿಕೊಂಡು, ದೂರವಾಗುತ್ತಿದ್ದ ಆ ಅಂಚನ್ನೇ ನೋಡುತ್ತ ಕೇಳಿದಳು: "ಅಜ್ಜೀ, ಸಾಲು ಚೆನ್ನಾಗ್ ಬಂದಿದೆ ಅಲ್ವಾ?"