ಆಪಾ ಬರೆದುಕೊಂಡ ಸಭೆ

ಟೈಪಿಂಗ್ ಆಪಾ ಅವರ ಎರಡೂ ಕಿವಿಗಳಲ್ಲಿ ಯಾವಾಗಲೂ ಹತ್ತಿ ಇರುತ್ತಿತ್ತು. ಅತ್ತರು ಹಚ್ಚಿ ಸಿಕ್ಕಿಸಿಕೊಳ್ಳುವ ಶೋಕಿಯ ಹತ್ತಿಯಲ್ಲ. ದವಾಖಾನೆಯ ಬಿಳಿ ಹತ್ತಿ, ಗೋಲಿ ಮಾಡಿ ಒಳಕ್ಕೆ ಒತ್ತಿ ತುರುಕಿದ್ದು. ಭಾಲ್ಕಿ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅವರ ಟೈಪಿಂಗ್ ಶಾಲೆ. ಹನ್ನೆರಡು ಮಶೀನುಗಳು ಒಟ್ಟಿಗೆ ಬಡಿದುಕೊಳ್ಳುವ ಆ ಕೋಣೆಯಲ್ಲಿ ಆಪಾ ಗೋಡೆಯ ಕಡೆ ಮುಖ ಮಾಡಿ ನಿಂತಿರುತ್ತಿದ್ದರು. ನಿಂತಲ್ಲಿಂದಲೇ "ಐದನೇ ಮಶೀನ್, ನಿನ್ನ ಕಿರುಬೆರಳು ಸುಮ್ನ ಕೂತದ" ಎನ್ನುತ್ತಿದ್ದರು. ಐದನೇ ಮಶೀನಿನ ಹುಡುಗಿ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಮಶೀನುಗಳ ಸದ್ದು ಅವರಿಗೆ ತೊಂದರೆಯೇ ಅಲ್ಲ. ಕುಕ್ಕರಿನ ಸೀಟಿ, ಮದುವೆಯ ಬ್ಯಾಂಡು, ನಾಲ್ಕು ಜನ ಒಮ್ಮೆಲೇ ಮಾತಾಡುವುದು, ಇವು ಅವರನ್ನು ಹಣ್ಣು ಮಾಡಿಬಿಡುತ್ತಿದ್ದವು. ಅಂಥ ಹೊತ್ತಿನಲ್ಲಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಸಂಜೆಯವರೆಗೂ ಬರುತ್ತಿರಲಿಲ್ಲ.

ಆಪಾ ಎಂದರೆ ಉರ್ದುವಿನಲ್ಲಿ ಅಕ್ಕ. ಊರೆಲ್ಲ ಹಾಗೆ ಕರೆಯುತ್ತಿತ್ತು. ಬೆನ್ನ ಹಿಂದೆ ಬೇರೆ ಹೆಸರುಗಳೂ ಇದ್ದವು, ಪಾಗಲ್ ಎಂಬುದು ಅವುಗಳಲ್ಲಿ ಮೆತ್ತನೆಯದು.

ನಾನು ಖಟಕ ಚಿಂಚೋಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಪಿಯುಸಿ ಮುಗಿದಿತ್ತು. ಮಾತು ಕಡಿಮೆ, ಕೂತಲ್ಲೇ ಹಿಂದಕ್ಕೂ ಮುಂದಕ್ಕೂ ತೂಗುವ ಅಭ್ಯಾಸ. ಅವ್ವ ನನ್ನನ್ನು ಮಠಕ್ಕೂ ದರ್ಗಾಕ್ಕೂ ದವಾಖಾನೆಗೂ ತಿರುಗಿಸಿ ದಣಿದಿದ್ದಳು. ಮೊದಲ ದಿನ ಆಪಾ ಮುಂದೆ ನಿಂತು, "ಪೋರಿ ಶಾಣ್ಯಾ ಅದಾಳ್ರಿ, ಖರೆ ಜರಾ ಹಿಂಗ ತೂಗ್ತಾಳ" ಎಂದು ತಪ್ಪೊಪ್ಪಿಕೊಳ್ಳುವಂತೆ ಹೇಳಿದಳು.

ಆಪಾ ನಮ್ಮಿಬ್ಬರ ಮುಖವನ್ನೂ ನೋಡಲಿಲ್ಲ. ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಎದುರಿನವರ ಹೆಗಲಿನ ಮೇಲಿಂದ ಗೋಡೆ ನೋಡುತ್ತಿದ್ದರು. "ತೂಗ್ಲಿ ಬಿಡ್ರಿ. ನನ್ನ ಕುರ್ಚಿ ಗಟ್ಟಿ ಅದ" ಎಂದರು.

ನನ್ನ ಹದಿನೇಳು ವರ್ಷದ ಬದುಕಿನಲ್ಲಿ "ತೂಗಬ್ಯಾಡ" ಎನ್ನದ ಮೊದಲ ಮನುಷ್ಯರು ಅವರು.

ಬೆರಳಚ್ಚಿನ ಜೊತೆಗೆ ಅವರು ಶೀಘ್ರಲಿಪಿಯನ್ನೂ ಕಲಿಸುತ್ತಿದ್ದರು. ಮಾತು ಬಾಯಿಂದ ಬೀಳುವಷ್ಟೇ ವೇಗವಾಗಿ ಗೆರೆಗಳಲ್ಲಿ ಬರೆದುಕೊಳ್ಳುವ ವಿದ್ಯೆ ಅದು. ಶುಕ್ರವಾರ ಶಾಲೆಗೆ ರಜೆ. ಅವತ್ತು ಮಧ್ಯಾಹ್ನ ನನ್ನನ್ನು ರೈಲ್ವೆ ಸ್ಟೇಷನ್ನಿಗೆ ಕರೆದೊಯ್ದು ಬೆಂಚಿನ ಮೇಲೆ ಕೂರಿಸಿ, ಪಕ್ಕದವರು ಆಡಿದ್ದನ್ನೆಲ್ಲ ಬರೆದುಕೊಳ್ಳಲು ಹೇಳುತ್ತಿದ್ದರು. ಒಮ್ಮೆ ಗಂಡಹೆಂಡತಿ ಜಗಳವಾಡುತ್ತಿದ್ದರು. ಗಂಡನ ಮಾತು ಬಹಳ ಹೊಲಸಾಗಿತ್ತು, ನಾನು ಕೊಂಚ ತಿದ್ದಿ ಬರೆದೆ. ಆಪಾ ಆ ಹಾಳೆಯನ್ನು ಹರಿದರು. "ಅಂದಿದ್ದು ಬರಿ. ಅನ್ಬೇಕಾಗಿತ್ತು ಅನ್ನೋದು ಬರೀಬ್ಯಾಡ. ಅವನ ಬಾಯಿ ತೊಳಿಯೋದು ನಿನ್ನ ಕೆಲಸ ಅಲ್ಲ ಪೋರಿ."

ಐವತ್ತರ ಹತ್ತಿರ ಬಂದಾಗ ಅವರೊಬ್ಬರೇ ಹೈದರಾಬಾದಿಗೆ ಹೋಗಿ ಡಾಕ್ಟರನ್ನು ಕಂಡು ಒಂದು ಕಾಗದ ತಂದರು. ಆಟಿಸಂ ಎಂದು ಅದರಲ್ಲಿ ಬರೆದಿತ್ತು. ಶಾಲೆ ಬಿಟ್ಟ ಮೇಲೆ ನನ್ನನ್ನು ನಿಲ್ಲಿಸಿಕೊಂಡು ಓದಿ ಹೇಳಿದರು. "ಹೆಸರು ಸಿಕ್ತು ನೋಡು. ಇಷ್ಟು ವರ್ಷ ಬರೇ ಬೈಗುಳದಾಗ ಇದ್ದೆ. ನಿಂದೂ ಇದೇ ಹೆಸರು ಇದ್ದೀತು. ಹೋಗಿ ಕೇಳಿ ಬಾ." ನಾನು ಹೋದೆ, ಕೇಳಿದೆ. ಅದೇ ಹೆಸರು. ಮರಳುವ ದಾರಿಯಲ್ಲಿ ಅವ್ವ ಅತ್ತಳು. ನಾನು ಕಿಟಕಿಯ ಪಕ್ಕ ಕೂತು ಮನಸಾರೆ ತೂಗಿದೆ.

ಈಗ ಸಾಹೇಬರ ವಿಷಯಕ್ಕೆ ಬರುತ್ತೇನೆ. ಇದನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ, ಓದುವವರಿಗೆ ಮೊದಲೇ ತಿಳಿದಿರಲಿ.

ಸಾಹೇಬರು ಬೀದರಿನಲ್ಲಿ ನಮ್ಮಂಥವರಿಗಾಗಿ ಒಂದು ಸಂಸ್ಥೆ ನಡೆಸುತ್ತಿದ್ದರು. ಅವರ ಮಗಳಿಗೆ ಆಟಿಸಂ. ಇಪ್ಪತ್ತೈದು ದಾಟಿದ ಹೆಣ್ಣುಮಗಳು, ಮಾತಿಲ್ಲ. ಅಂಗವಿಕಲರ ಬಗೆಗಿನ ಸರ್ಕಾರದ ನೀತಿಗೆ, ನಮ್ಮ ಕಡೆಯ ಮಾತಿನಲ್ಲಿ ಧೋರಣೆಗೆ, ಸಲಹೆ ಕೊಡುವ ಸಮಿತಿಯಲ್ಲಿ ಆಟಿಸಂ ಇರುವವರ ಪ್ರತಿನಿಧಿಯಾಗಿ ಬಹಳ ವರ್ಷಗಳಿಂದ ಅವರೇ ಕೂರುತ್ತಿದ್ದರು. ಒಂದು ದಿನ ನಮ್ಮ ಶಾಲೆಗೆ ಬಂದರು. ಆ ಹೊತ್ತಿಗೆ ನಾನು ಆಪಾ ಜೊತೆ ಅಲ್ಲೇ ಸಂಬಳಕ್ಕೆ ಕಲಿಸುತ್ತಿದ್ದೆ. "ಹೊಸ ಧೋರಣಾ ಬರಲಾಕತ್ತದ್ರಿ. ಬೀದರದಾಗ ಸಭಾ ಇಟ್ಟೀವಿ. ನಿಮ್ಮಂಥೋರು ಇಬ್ಬರು ಇದ್ರ ಶೋಭಾ."

"ನಾವು ಮಾತಾಡ್ಬೇಕೋ, ಕೂಡಬೇಕೋ?" ಎಂದು ಆಪಾ ಕೇಳಿದರು.

ಸಾಹೇಬರು ನಕ್ಕರು. "ಕೂಡ್ರಿ, ಅಷ್ಟು ಸಾಕು."

ಆಪಾ ಚೀಲದಲ್ಲಿ ಎರಡು ನೋಟ್‌ಬುಕ್ಕು, ಆರು ಪೆನ್ಸಿಲು ಹಾಕಿಕೊಂಡು ಬಂದರು.

ನಮ್ಮನ್ನು ಎರಡನೇ ಸಾಲಿನಲ್ಲಿ ಕೂರಿಸಿದರು. ಪಕ್ಕದಲ್ಲಿ ಸಾಹೇಬರ ಮಗಳು. ಅವಳಿಗೆ ಗರಿಗರಿಯಾದ ರೇಷ್ಮೆ ಸೀರೆ ಸುತ್ತಿದ್ದರು, ಕುತ್ತಿಗೆಯ ಹತ್ತಿರ ಜರಿ ತಾಗಿ ಚರ್ಮ ಕೆಂಪಾಗಿತ್ತು. ಸ್ಪೀಕರು ನೇರ ನಮ್ಮ ತಲೆಯ ಮೇಲೆ. ಸಾಹೇಬರು ಮೈಕ್ ಹಿಡಿದ ಕ್ಷಣ ಅವಳು ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಳು. ಆಪಾ ಬರೆಯುವುದನ್ನು ನಿಲ್ಲಿಸದೆ ಎಡಗೈಯಿಂದ ಚೀಲ ತಡಕಿ, ಹತ್ತಿ ತೆಗೆದು ಅವಳ ಮಡಿಲಲ್ಲಿ ಇಟ್ಟರು. ಅವಳು ಅದನ್ನು ನೋಡಿದಳು, ಮುಟ್ಟಲಿಲ್ಲ.

ಸಾಹೇಬರ ಯೋಜನೆ ಇಷ್ಟು: ಔರಾದಿನ ಹೊರಗೆ, ಡಾಬಕಾದ ಕಡೆ ಹೋಗುವ ದಾರಿಯಲ್ಲಿ, ದೊಡ್ಡ ಕಾಂಪೌಂಡ್ ಕಟ್ಟಿ ವಸತಿ ಕೇಂದ್ರ ತೆರೆಯುವುದು. ಜಿಲ್ಲೆಯಲ್ಲಿ ನಮ್ಮಂಥ ದೊಡ್ಡವರೆಲ್ಲ ಅಲ್ಲಿರುವುದು. ನಡೆಸುವುದು ಅವರ ಸಂಸ್ಥೆ. "ಇವರಿಗೆ ಹೊರಗ ಹೆದರಿಕಿ ಆಗ್ತದ. ಒಳಗ ಖುಷಿ ಇರ್ತಾರ" ಎಂದರು.

ಆಪಾ ಎದ್ದು ನಿಂತರು. "ನಾನು ಹೊರಗೇ ಇದ್ದೇನಿ. ಶಾಲಿ ನಡಸ್ತೇನಿ. ನನ್ನ ಯಾಕ ಒಳಗ ಹಾಕ್ತೀರಿ? ನಮಗ ಕಾಂಪೌಂಡ್ ಬ್ಯಾಡ. ಪರೀಕ್ಷಾದಾಗ ಗದ್ದಲ ಇಲ್ಲದ ಒಂದು ಖೋಲಿ ಕೊಡ್ರಿ. ನೌಕರಿ ಕೊಡ್ರಿ."

ಸಾಹೇಬರು ಸಿಟ್ಟಾಗಲಿಲ್ಲ, ಕರುಣೆಯಿಂದ ಮಾತಾಡಿದರು. ಅದು ಇನ್ನೂ ಕೆಟ್ಟದ್ದು. "ನಿಮಗ ಮಾತು ಬರ್ತದ್ರಿ. ನನ್ನ ಮಗಳಿಗೆ ಬರೂದಿಲ್ಲ. ಆಕಿ ಪರವಾಗಿ ನೀವು ಹ್ಯಾಂಗ ಮಾತಾಡ್ತೀರಿ? ಆಕಿನ ನೋಡಿಕೊಂಡಾಂವ ನಾನು."

ಅದರಲ್ಲಿ ಒಂದು ಪಾಲು ನಿಜ ಇತ್ತು. ಇಲ್ಲ ಎನ್ನುವುದಿಲ್ಲ. ಆಪಾ ಕೂಡ ಇಲ್ಲ ಎನ್ನಲಿಲ್ಲ. "ಆಕಿ ಪರವಾಗಿ ನಾ ಮಾತಾಡಲ್ರಿ. ಆಕಿ ಈಗ ಏನ್ ಹೇಳಲಾಕತ್ತಾಳ, ಅದನ್ನ ನೀವು ಒಮ್ಮೆ ತಿರುಗಿ ನೋಡ್ರಿ."

ಮಗಳು ಕಿವಿ ಮುಚ್ಚಿಕೊಂಡು ಕಣ್ಣನ್ನೂ ಬಿಗಿಯಾಗಿ ಮುಚ್ಚಿದ್ದಳು. ಸಾಹೇಬರು ತಿರುಗಲಿಲ್ಲ. ಸಂಸ್ಥೆಯ ಹೆಣ್ಣುಮಗಳೊಬ್ಬಳು ಬಂದು ಆಪಾರ ಹೆಗಲು ಒತ್ತಿ ಕೂರಿಸಿದಳು. ಯಾರಾದರೂ ಮುಟ್ಟಿದರೆ ಆಪಾರಿಗೆ ಬೆಂಕಿ ತಾಗಿದಂತಾಗುತ್ತಿತ್ತು. ಆದರೂ ಅವರು ಕೂತು, ಬಿಟ್ಟ ಜಾಗದಿಂದ ಬರೆಯತೊಡಗಿದರು. ಅವರು ನಿಂತಿದ್ದಷ್ಟು ಹೊತ್ತಿನ ಮಾತನ್ನು ನಾನು ಬರೆದುಕೊಂಡಿದ್ದೆ.

ಸಭೆಯ ವರದಿಯನ್ನು ಸಂಸ್ಥೆಯೇ ಬರೆದು ಸರ್ಕಾರಕ್ಕೆ ಕಳಿಸಿತು. ನಮಗೂ ಒಂದು ಪ್ರತಿ ಬಂತು. ಕೊನೆಯ ಪುಟದಲ್ಲಿ ಹೀಗಿತ್ತು: "ಆಟಿಸಂ ಇರುವ ಇಬ್ಬರು ಮಹಿಳೆಯರು ಹಾಜರಿದ್ದು ವಸತಿ ಕೇಂದ್ರಕ್ಕೆ ಸಂತೋಷದಿಂದ ಒಪ್ಪಿಗೆ ಸೂಚಿಸಿದರು."

ಆ ಇಬ್ಬರು ನಾವೇ. ಆಪಾ ಅದನ್ನು ಮೂರು ಸಲ ಓದಿದರು. ಕೈ ತೊಳೆದುಕೊಂಡು ಬಂದು ಮಶೀನಿನ ಮುಂದೆ ಕೂತರು. ನಾಲ್ಕು ದಿನ ಟೈಪ್ ಮಾಡಿದರು. ಸಭೆಯಲ್ಲಿ ಯಾರು ಏನೆಂದರೋ ಅದೆಲ್ಲ ಅಕ್ಷರಕ್ಕಕ್ಷರ ಇತ್ತು. ನಡುನಡುವೆ ಸಾಹೇಬರ ಮಗಳದೂ ಇತ್ತು: "ಮಗಳು ಕಿವಿ ಮುಚ್ಚಿಕೊಂಡಳು. ಮೈಕಿನ ದನಿ ಇಳಿಸಲಿಲ್ಲ. ಮಗಳು ಸೀರೆಯ ಜರಿ ಎಳೆದಳು. ಯಾರೂ ಕೇಳಲಿಲ್ಲ." ಮಾತಾಡಿದವರಿಗೆ ಕೊಟ್ಟಷ್ಟೇ ಜಾಗವನ್ನು ಅವಳಿಗೂ ಕೊಟ್ಟಿದ್ದರು. ಆಕ್ಷೇಪಣೆಯ ಪತ್ರದೊಂದಿಗೆ ರಿಜಿಸ್ಟರ್ ಅಂಚೆಯಲ್ಲಿ ಬೆಂಗಳೂರಿಗೆ ಕಳಿಸಿದರು.

ಸಾಹೇಬರ ಉತ್ತರ ಕಾಗದದಲ್ಲಿ ಬರಲಿಲ್ಲ, ಬಾಯಿಂದ ಬಾಯಿಗೆ ಭಾಲ್ಕಿಗೆ ಬಂತು. ಆ ಹೆಂಗಸಿಗೆ ತಲೆ ಸರಿ ಇಲ್ಲ, ಡಾಕ್ಟರರ ಕಾಗದವೇ ಇದೆ, ಆಕೆ ಬರೆದದ್ದನ್ನು ಯಾರು ನಂಬುತ್ತಾರೆ, ಆಕೆಯ ಹತ್ತಿರ ಮಕ್ಕಳನ್ನು ಹೇಗೆ ಕಳಿಸುತ್ತೀರಿ. ಎರಡು ತಿಂಗಳಲ್ಲಿ ಹನ್ನೆರಡು ಮಶೀನುಗಳ ಪೈಕಿ ಒಂಬತ್ತಕ್ಕೆ ಬಟ್ಟೆ ಹೊದಿಸಿದೆವು. ಆಪಾ ದಿನಾ ಅವುಗಳ ಧೂಳು ಒರೆಸುತ್ತಿದ್ದರು. ಊಟ ಬಿಡತೊಡಗಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಹೃದಯ ಸೋತಿತು. ಬೀದರಿನ ದವಾಖಾನೆಯಲ್ಲಿ ಅವರ ಪಕ್ಕ ಕೂತಿದ್ದೆ. ಔರಾದಿನಲ್ಲಿ ಆ ಕೇಂದ್ರದ ಬಗ್ಗೆ ಬಹಿರಂಗ ವಿಚಾರಣೆ ಇದೆ, ಬೆಂಗಳೂರಿನಿಂದ ಅಧಿಕಾರಿ ಬರುತ್ತಾರೆ ಎಂದು ಹೇಳಿದೆ. ಅವರು ಮೇಲಿನ ಛತ್ತು ನೋಡುತ್ತ ಕೇಳಿಸಿಕೊಂಡರು.

"ಓದು. ಪೂರಾ ಓದು. ಅವರು ನಡುವ ನೀರು ಕುಡದದ್ದೂ ಬಿಡಬ್ಯಾಡ."

"ಆಪಾ, ಅವರು ಮಾಫಿ ಕೇಳಿದ್ರ?"

"ಕೇಳಿದ್ರ ಅದನ್ನೂ ಬರ್ಕೋ. ಖರೆ ನಾ ಕೊಡಲ್ಲ."

ಮೂರನೆಯ ದಿನ ತೀರಿಕೊಂಡರು. ಮಣ್ಣಿಗೆ ಗಂಡಸರಷ್ಟೇ ಹೋದರು. ನಾನು ಶಾಲೆಗೆ ಬಂದು ಎಲ್ಲ ಮಶೀನುಗಳ ಬಟ್ಟೆ ತೆಗೆದೆ.

ಔರಾದಿನ ವಿಚಾರಣೆಗೆ ಒಬ್ಬಳೇ ಹೋದೆ. ಹಾಲ್ ತುಂಬಿತ್ತು. ಬೆಂಗಳೂರಿನ ಅಧಿಕಾರಿ ವಯಸ್ಸಾದ ಹೆಂಗಸು. ಆಕ್ಷೇಪಣೆ ಯಾರದು ಎಂದು ಕೇಳಿದರು. ನಾನು ಎದ್ದು ಆಪಾರ ಕಾಗದಗಳನ್ನು ತೋರಿಸಿದೆ. ಸಾಹೇಬರು ಕೂತಲ್ಲಿಂದಲೇ, "ಅದು ಖೊಟ್ಟಿ ಅದ ಮೇಡಂ, ತಲಿ ಸರಿ ಇಲ್ಲದೋರು ಬರ್ದದ್ದು" ಎಂದರು.

ನನಗೆ ಬೇಕಾಗಿದ್ದದ್ದೂ ಅದೇ. ಬಸ್ಸಿನಲ್ಲಿ ಬರುವಾಗ ಈ ಗಳಿಗೆಯನ್ನೇ ಎದೆಯಲ್ಲಿ ಹಿಡಿದುಕೊಂಡು ಬಂದಿದ್ದೆ.

"ಮೇಡಂ, ಸಾಹೇಬರು ಈಗ ಏನರೆ ಮಾತಾಡ್ಲಿ. ಎಷ್ಟು ಜೋರಾಗಿ ಬೇಕಾದ್ರೂ ಮಾತಾಡ್ಲಿ. ನಾ ಬರಕೊಂಡು ಓದ್ತೇನಿ. ಒಂದು ಅಕ್ಷರ ತಪ್ಪಿದ್ರ ಈ ಕಾಗದ ಹರದು ಹಾಕ್ರಿ."

ಅಧಿಕಾರಿ ಸಾಹೇಬರ ಕಡೆ ನೋಡಿದರು. ಸಾಹೇಬರು ಎದ್ದರು. ಮೊದಮೊದಲು ಹುಷಾರಾಗಿ ಸೇವೆ, ತ್ಯಾಗ ಎಂದೆಲ್ಲ ಹೇಳಿದರು. ನಾನು ತಲೆ ತಗ್ಗಿಸಿ ಬರೆಯುತ್ತಲೇ ಇದ್ದೆ, ತೂಗುತ್ತಲೂ ಇದ್ದೆ. ತೂಗುವುದನ್ನು ಕಂಡು ಅವರಿಗೆ ರೇಗಿತು. ಮಾತಿನ ವೇಗ ಹೆಚ್ಚಿತು. ಎರಡು ನಿಮಿಷದಲ್ಲಿ ಹುಷಾರು ಮರೆತುಹೋಯಿತು.

ಅವರು ಕೂತ ಮೇಲೆ ನಾನು ಎದ್ದು ಓದಿದೆ. ನನ್ನ ದನಿಯಲ್ಲಿ ಏರಿಳಿತವಿಲ್ಲ ಎಂದು ಜನ ಆಡಿಕೊಳ್ಳುತ್ತಾರೆ. ಅವತ್ತು ಅದು ಒಳ್ಳೆಯದಾಯಿತು. ಸೇವೆ ಓದಿದೆ, ತ್ಯಾಗ ಓದಿದೆ. ನಂತರ ಅದೇ ದನಿಯಲ್ಲಿ: "ನೋಡ್ರಿ ಹ್ಯಾಂಗ ತೂಗಲಾಕತ್ತಾಳ. ಇಂಥ ಹುಚ್ಚರ ಮಾತು ಕೇಳಿ ಸರ್ಕಾರ ನಡಸ್ತೀರೇನು? ಇವರಿಗೆ ಏನ್ ಬೇಕು ಅಂತ ಇವರನ್ನ ಯಾಕ ಕೇಳ್ಬೇಕು? ನಾ ಅದೀನಲ್ಲ. ನನ್ನ ಮಗಳನ್ನರೆ ನಾ ಯಾವಾಗರೆ ಕೇಳೀನೇನು?"

ಹಿಂದಿನ ಸಾಲಿನಲ್ಲಿ ಸಾಹೇಬರ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಒಂದು ಅಕ್ಷರವೂ ತಪ್ಪಿಲ್ಲ" ಎಂದರು ಅಧಿಕಾರಿ. "ಈಗ ಆ ಕಾಗದಗಳನ್ನು ಓದಿ."

ಓದಿದೆ. ಬೀದರಿನ ಸಭೆಯನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಅರ್ಧಕ್ಕೆ ಬಂದಾಗ ಸಾಹೇಬರು ನನ್ನ ಹತ್ತಿರ ಬಂದು ಮೆಲ್ಲಗೆ, "ಸಾಕು ಮಾಡಮ್ಮ. ಜನರ ಮುಂದ ಇನ್ನ ಎಷ್ಟು?" ಎಂದರು. ನಾನು ಓದು ನಿಲ್ಲಿಸಿ ಅಧಿಕಾರಿಗೆ ಹೇಳಿದೆ: "ಸಾಹೇಬರು ಸಾಕು ಮಾಡಮ್ಮ ಅಂದ್ರು. ಇದನ್ನೂ ಬರಕೋರಿ." ಮತ್ತೆ ಮುಂದುವರಿದೆ. ಅವರು ನೀರು ಕುಡಿದದ್ದನ್ನು ಎರಡು ಕಡೆ ಓದಿದೆ. ಅವರ ಮಗಳು ಕಿವಿ ಮುಚ್ಚಿಕೊಂಡದ್ದನ್ನು ಹನ್ನೊಂದು ಕಡೆ ಓದಿದೆ. ಪ್ರತಿ ಸಲವೂ ಅವರ ತಲೆ ಒಂದಿಷ್ಟು ಕೆಳಗಿಳಿಯುತ್ತಿತ್ತು. ನನಗೆ ಕನಿಕರ ಬರಲಿಲ್ಲ. ಬರುತ್ತದೇನೋ ಎಂದು ಕಾದೆ, ಬರಲಿಲ್ಲ.

ಕೇಂದ್ರದ ಯೋಜನೆ ಬಿತ್ತು. ಸಾಹೇಬರು ಸಮಿತಿ ಬಿಟ್ಟರು. ಆ ಜಾಗಕ್ಕೆ ನನ್ನನ್ನು ಕರೆದರು. ಷರತ್ತಿನ ಮೇಲೆ ಒಪ್ಪಿದೆ: ಮಾತು ಬಾರದವರಿಗೂ ಒಂದು ಕುರ್ಚಿ ಇರಬೇಕು, ಜೊತೆಗೆ ಅವರು ಕೈ ಹಿಡಿದು ಕರೆತಂದವರು ಒಬ್ಬರು ಇರಬಹುದು, ಸಭೆಯಲ್ಲಿ ಮೈಕ್ ಇರಬಾರದು.

ಆ ಕುರ್ಚಿಗೆ ತಮ್ಮ ಮಗಳನ್ನೇ ಕರೆದದ್ದು ತಿಳಿದು ಸಾಹೇಬರು ಶಾಲೆಗೆ ಬಂದರು. ಬಾಗಿಲಲ್ಲೇ ನಿಂತರು. "ಆಪಾ ಇದ್ದಿದ್ರ ನನ್ನ ಮಾನ ಹಿಂಗ ತೆಗೀತಿದ್ದಿಲ್ಲ. ಆಕಿ ಮನಸು ದೊಡ್ಡದಿತ್ತು. ಮಾಫ್ ಮಾಡ್ತಿದ್ಲು."

ಸತ್ತ ಮೇಲೂ ಆಪಾರ ಪರವಾಗಿ ಅವರೇ ಮಾತಾಡುತ್ತಿದ್ದರು. ಆಪಾ ದವಾಖಾನೆಯಲ್ಲಿ ಹೇಳಿದ್ದನ್ನು ಅವರಿಗೆ ಹೇಳಿದೆ, ಕೊಡಲ್ಲ ಎಂದದ್ದನ್ನೂ ಸೇರಿಸಿ. ಅವರು "ಮಗಳ ಸಂಗಟ ನಾ ಬರಬಹುದಲ್ಲ?" ಎಂದು ಕೇಳಿದರು.

"ಆಕಿ ನಿಮ್ಮ ಕೈ ಹಿಡದ್ರ ಬರ್ರಿ."

"ಹಿಡೀಲಿಲ್ಲ ಅಂದ್ರ?"

"ಹೊರಗ ಕೂಡ್ರಿ."

ಮೊದಲ ಸಭೆಯ ದಿನ ಸಾಹೇಬರು, ಹೆಂಡತಿ, ಮಗಳು ಮೂವರೂ ಬಂದರು. ಮಗಳು ಮೆತ್ತನೆಯ ಹಳೆಯ ಚೂಡಿದಾರದಲ್ಲಿದ್ದಳು. ಬಾಗಿಲಲ್ಲಿ ಸಾಹೇಬರು ಕೈ ಚಾಚಿದರು. ಅವಳು ಆ ಕೈಯನ್ನು ನೋಡಿದಳು, ತಾಯಿಯ ಸೆರಗು ಹಿಡಿದಳು, ಒಳಗೆ ಬಂದಳು. ಅವಳ ಮನಸ್ಸಿನಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಹದಿನೈದು ನಿಮಿಷ ಕುರ್ಚಿಯಲ್ಲಿ ಕೂತು, ಆಮೇಲೆ ಎದ್ದು ಕಿಟಕಿಯ ಹತ್ತಿರ ಹೋದಳು. ಸ್ಪೀಕರಿಲ್ಲದ ಆ ಕೋಣೆಯಲ್ಲಿ ಅವಳ ಎರಡೂ ಕೈಗಳು ಕೆಳಗೇ ಇದ್ದವು.

ಅದೇ ಕಿಟಕಿಯಿಂದ ನನಗೆ ಸಾಹೇಬರು ಕಾಣುತ್ತಿದ್ದರು. ವರಾಂಡದ ಬೆಂಚಿನ ಮೇಲೆ, ಒಳಗೆ ತಮ್ಮ ಬಗ್ಗೆ ಏನು ಮಾತು ನಡೆದಿದೆಯೋ ಕೇಳಿಸದೆ, ಕತ್ತು ಚಾಚಿ ಕೂತಿದ್ದರು. ಅವರನ್ನು ಕರೆಸಲಿಲ್ಲ. ನೋಡಿದಷ್ಟೂ ನನಗೆ ಹೊಟ್ಟೆ ತಂಪಾಗುತ್ತಿತ್ತು. ಆಪಾ ನನಗೆ ವಿದ್ಯೆ ಕೊಟ್ಟರು, ಅನ್ನ ಕೊಟ್ಟರು, ನನ್ನ ಹೆಸರು ಹುಡುಕಿಕೊಟ್ಟರು. ಆದರೆ ಅವತ್ತಿನ ಆ ಖುಷಿಗಾಗಿಯೇ ನಾನು ಅವರಿಗೆ ಎಲ್ಲಕ್ಕಿಂತ ಹೆಚ್ಚು ಋಣಿ.