ಚಾಚಾ ಹೊಂದಿಸಿದ ಬಣ್ಣ

ಗಂಗಾವತಿಯ ನಮ್ಮ ಓಣಿಯಲ್ಲಿ ಯಾರೇ ಹೊಸ ಟಿವಿ ತಂದರೂ ಬಣ್ಣ ಹೊಂದಿಸಲು ಮೆಕ್ಯಾನಿಕ್ ಚಾಚಾನೇ ಬರಬೇಕಿತ್ತು. ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತು ರಿಮೋಟ್ ಒತ್ತುತ್ತ, "ಬಿಳೇದು ಬೆಳ್ಳಗ ಕಾಣಬೇಕು ನೋಡ್ರಿ" ಎನ್ನುತ್ತಿದ್ದರು. ಅವರು ಹೋದಮೇಲೆ ಟಿವಿಯಲ್ಲಿ ಬರುವವರ ಮುಖವೆಲ್ಲ ತುಸು ನೀಲಿಯಾಗಿರುತ್ತಿತ್ತು. ಚಾಚಾ ಮಾಡಿದ್ದೇ ಸರಿ ಎಂದುಕೊಂಡು ನೋಡುತ್ತಿದ್ದೆವು.

ಹೋದ ವರ್ಷ ಒಂದು ಕಣ್ಣಿನ ಪೊರೆ ತೆಗೆಸಿಕೊಂಡು ಬಂದವರು ನಮ್ಮ ಟಿವಿ ಕಂಡು ಗಾಬರಿಯಾದರು. "ಯಾರು ಇದನ್ನ ಹಿಂಗ ನೀಲಿ ಮಾಡ್ಯಾರ?"

"ನೀವ ಮಾಡೀರಲ್ರಿ ಚಾಚಾ," ಎಂದಳು ಅವ್ವ.

ಅವರು ಒಂದು ಕಣ್ಣು ಮುಚ್ಚಿ ನೋಡಿದರು, ಆಮೇಲೆ ಇನ್ನೊಂದು. "ಪೊರಿ ತೆಗೆಸಿದ ಕಣ್ಣಿಗಿ ನೀಲಿ, ಪೊರಿ ಇದ್ದ ಕಣ್ಣಿಗಿ ಛಲೋ ಐತಿ. ಯಾವುದು ಖರೇ, ತಂಗೀ?"

ಚಾಚಾ "ಎಲ್ಲಾರ ಮನ್ಯಾಗೂ ಹಿಂಗ ಮಾಡೇನಲ್ಲಾ" ಎನ್ನುತ್ತ ಎದ್ದು ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿದರು.