ಶಹಾಬಾದದ ಮನೆಯಲ್ಲಿ ಕೈಮಾತು

ಸೊಸೆಯಾಗಿ ಶಹಾಬಾದಕ್ಕೆ ಬಂದ ದಿನ ಗಂಡನನ್ನು ಕೈಮಾತಿನಲ್ಲಿ ಅವರ ಹೆಸರು ಕೇಳಿದೆ. ಅವರು ನನ್ನ ಬೆರಳುಗಳನ್ನೇ ನೋಡಿ, ನೀರಡಿಕೆ ಇರಬೇಕೆಂದು ತಂಬಿಗೆ ತಂದುಕೊಟ್ಟರು. ನನ್ನಂತೆ ಅವರೂ ಹುಟ್ಟುಕಿವುಡರು. ಆದರೆ ಶಾಲೆ ಕಂಡವರಲ್ಲ. ಕೈಗೂ ಒಂದು ಭಾಷೆಯಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಸಂಬಂಧ ಕುದುರಿಸುವಾಗ ಅತ್ತೆ ಆಡಿದ್ದನ್ನು ಗಂಡನ ಅತ್ತಿಗೆ ಮಹಾದೇವಿ ಅಕ್ಕ ಆಮೇಲೆ ಬರೆದು ತೋರಿಸಿದರು: "ಇಬ್ರಿಗೂ ಕಿವಿ ಕೇಳಂಗಿಲ್ಲ. ಅವರವರೇ ಮಾತಾಡ್ಕೋತಾರ ಬಿಡ್ರಿ."

ನಾನು ಬೆಳೆದ ಮೈಸೂರಿನ ಹಾಸ್ಟೆಲಿನಲ್ಲಿ ಹಲಗೆಯ ಮಹಡಿ. ಕಾಲು ಬಡಿದರೆ ಆ ತುದಿಯ ಗೆಳತಿ ತಿರುಗುತ್ತಿದ್ದಳು. ಇಲ್ಲಿ ನೆಲಕ್ಕೆಲ್ಲ ಪರಸಿ ಹಾಸಿದ್ದಾರೆ, ಈ ಊರಿನದೇ ಚಪ್ಪಡಿ ಕಲ್ಲು. ಎಷ್ಟು ಬಡಿದರೂ ನಡುಗುವುದಿಲ್ಲ. ತುಟಿ ಓದುವ ವಿದ್ಯೆಯೂ ಕೈಕೊಟ್ಟಿತು. 'ಬನ್ನಿ, ಕೂತ್ಕೊಳ್ಳಿ' ಓದಿ ಪಳಗಿದ ಕಣ್ಣಿಗೆ 'ಬರ್ರಿ, ಕುಂದ್ರಿ' ಅನ್ನುವ ಬಾಯಿಗಳೇ ಬೇರೆ. ತೊಂಬತ್ತರ ದಶಕದ ಕೊನೆಯ ಆ ದಿನಗಳಲ್ಲಿ ನಾನು ಎರಡನೆಯ ಸಲ ಕಿವುಡಿಯಾದೆ.

ಗಂಡನಿಗೆ ಕಲಿಸಲು ಕುಳಿತೆ. ಕಲ್ಲು ಪಾಲಿಶ್ ಮಾಡುವ ಕೆಲಸ ಮುಗಿಸಿ, ಮೈಗೆ ಮೆತ್ತಿದ ಬಿಳಿ ಕೆಸರು ತೊಳೆದು ಬರುತ್ತಿದ್ದರು. ರೊಟ್ಟಿ, ನೀರು, ಅಣ್ಣ, ಸಂತೆ. ಕಲಿತ ಖುಷಿಗೆ ಮನೆಯ ಸಾಮಾನನ್ನೆಲ್ಲ ಮುಟ್ಟಿ ಮುಟ್ಟಿ ಕೇಳಿದರು. ನನ್ನನ್ನು ಕರೆಯಲು ಮೂಗುತಿಯ ಜಾಗ ಮುಟ್ಟಿಕೊಳ್ಳುತ್ತಿದ್ದರು. ಆದರೆ 'ಯಾಕೆ', 'ಹೋಗಿದ್ದರೆ' ಎಂಬಲ್ಲಿಗೆ ಬಂದಾಗ ಅವರ ಮುಖ ಮಂಕಾಗುತ್ತಿತ್ತು. ಭಾಷೆ ಕೈಗೂಡುವ ವಯಸ್ಸು ಮೀರಿಹೋಗಿತ್ತು.

ಬಜಾರದಲ್ಲಿ ನಾವು ಕೈ ಎತ್ತಿದರೆ ಜನ ನಿಂತು ನೋಡುತ್ತಿದ್ದರು. ಅತ್ತೆಗೆ ಅವಮಾನವಾಯಿತು. "ಮನ್ಯಾಗ ಏನರ ಮಾಡ್ಕೋರಿ, ಮಂದಿ ಮುಂದ ಕೈ ಆಡಸಬ್ಯಾಡ್ರಿ" ಅಂದದ್ದನ್ನು ಮಹಾದೇವಿ ಅಕ್ಕ ಬರೆದು ತೋರಿಸಿದರು. ಅಂದಿನಿಂದ ಗಂಡ ಹೊರಗೆ ಕೈಗಳನ್ನು ಜೇಬಿನಲ್ಲಿಟ್ಟುಕೊಂಡೇ ನಡೆದರು.

ಅತ್ತೆಗೂ ಅವರಿಗೂ ಮಾತ್ರ ತಿಳಿಯುವ ಸನ್ನೆಗಳು ಬೇರೆಯೇ ಇದ್ದವು. ತಾಯಿ ಮಗ ಇಬ್ಬರೇ ಹುಟ್ಟಿಸಿಕೊಂಡಂಥವು. ಆ ಅತ್ತೆ ಚಿತ್ತಾಪುರದ ಮಗಳ ಮನೆಯಲ್ಲಿ ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲೆ ಗಂಡ ನನ್ನೆದುರು ಕುಳಿತು, ಹೆಬ್ಬೆರಳನ್ನು ಎದೆಗೆ ಒತ್ತಿ, ಅಂಗೈಯನ್ನು ನೆಲದ ಕಡೆಗೆ ಮಗುಚಿದರು. ನನಗೆ ತಿಳಿಯಲಿಲ್ಲ. ಮತ್ತೆ ಮಾಡಿದರು. ಮಹಾದೇವಿ ಅಕ್ಕನನ್ನು ಕರೆದೆ. ಅವರ ತುಟಿ ಆ ಹೊತ್ತಿಗೆ ನನಗೆ ಓದಬರುತ್ತಿತ್ತು.

"ಅದು ಅವರವ್ವಗಷ್ಟೇ ಗೊತ್ತಿತ್ತು, ತಂಗಿ."

ಗಂಡ ಕೈ ಕೆಳಗಿಳಿಸಿದರು. ಆಮೇಲೆ ಪಾಠಕ್ಕೂ ಕೂರಲಿಲ್ಲ.

ವರ್ಷಗಳ ಬಳಿಕ ಮೈಸೂರಿಗೆ ಹೋದೆ. ಹಾಸ್ಟೆಲಿನ ಗೆಳತಿಯರು ಸೇರಿದ್ದರು. ಅವರ ಬೆರಳುಗಳ ವೇಗಕ್ಕೆ ನನ್ನ ಕಣ್ಣು ಸೋತಿತು. ನಾನಂತೂ ಹಸುಗೂಸಿಗೆ ಹೇಳುವ ಹಾಗೆ, ಒಂದೊಂದೇ ಪದ ಎತ್ತಿಡುತ್ತಿದ್ದೆ. ನಿನ್ನ ಕೈಗೇನಾಯಿತು ಎಂದು ಒಬ್ಬಳು ಕೇಳಿದಳು. ಮಹಾದೇವಿ ಅಕ್ಕನ ಮೊಬೈಲಿಗೆ ಸಂದೇಶ ಕಳಿಸಿ, ನಿಗದಿಗಿಂತ ಮೊದಲೇ ಹೊರಟುಬಿಟ್ಟೆ.

ವಾಡಿ ಸ್ಟೇಷನ್ನಿನಲ್ಲಿ ಗಂಡ ಕಾಯುತ್ತಿದ್ದರು. ಚೀಲ ಇಸಿದುಕೊಂಡು, ನಾನು ಬಂದ ಹಳಿಯ ಕಡೆ ಕೈತೋರಿ ಹುಬ್ಬೇರಿಸಿದರು. ಹೇಗಿತ್ತು ಎಂದೋ, ಯಾಕೆ ಬಂದೆ ಎಂದೋ. ನಾನು ಸುಮ್ಮನೆ ತಲೆಯಾಡಿಸಿದೆ. ಇಬ್ಬರೂ ಶಹಾಬಾದದ ಗಾಡಿ ಹತ್ತಿದೆವು.